ಚೆಸ್‌ನಲ್ಲಿ ಒಂದು ಪಾನ್ ಜಾಸ್ತಿ ಇದ್ದೂ ಮಗಳು ಗೆಲ್ಲುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಾವು ಯಾದಗಿರಿ ಜಿಲ್ಲೆಯ ಶಹಾಪುರದವರು. ಮಗಳು ಎಂಟನೇ ಕ್ಲಾಸು, ಮೂರು ವರ್ಷದಿಂದ ಚೆಸ್ ಆಡುತ್ತಾಳೆ. ಕಳೆದ ತಿಂಗಳು ಕಲಬುರಗಿಯಲ್ಲಿ ಒಂದು ದಿನದ ರಾಪಿಡ್ ಟೂರ್ನಿಗೆ ಕರೆದುಕೊಂಡು ಹೋಗಿದ್ದೆ. ಬೆಳಗ್ಗೆ 5ರ ಬಸ್ಸಿಗೆ ಶಹಾಪುರ ಬಿಟ್ಟೆವು. 15 ನಿಮಿಷ, ನಡೆಗೆ 10 ಸೆಕೆಂಡ್, ಒಟ್ಟು 6 ರೌಂಡ್. ಮೂರು ಗೆದ್ದಳು, ಒಂದು ಸೋತಳು, ಎರಡು ಡ್ರಾ. ಎರಡೂ ಡ್ರಾದಲ್ಲಿ ಕೊನೆಗೆ ಅವಳದೇ ಒಂದು ಪಾನ್ ಜಾಸ್ತಿ ಇತ್ತು. ಪ್ರತಿ ಟೂರ್ನಿಯಲ್ಲೂ ಇದೇ ಕಥೆ. ಗೆಲ್ಲೂ ಆಟ ಡ್ರಾ ಮಾಡ್ಕೊಂಡು ಬರ್ತಾಳ್ರಿ ಸರ್. ಮನೆಗೆ ಬಂದು ಮೊಬೈಲಿನಲ್ಲಿ ಎಂಜಿನ್ (ನಡೆಗಳ ಲೆಕ್ಕ ಹಾಕುವ ಚೆಸ್ ಆ್ಯಪ್) ಹಾಕಿ ನೋಡಿದರೆ ಅವಳೇ ಮುಂದಿದ್ದಳು ಅಂತ ತೋರಿಸುತ್ತದೆ. ಅವಳ ಸೋದರಮಾವ 'ನೆನಪಿನ ಶಕ್ತಿ ಸಾಲದು' ಅಂತಾರೆ. ಆನ್‌ಲೈನ್ ಕೋಚ್ ಒಬ್ಬರು 12 ಸಾವಿರದ ಓಪನಿಂಗ್ (ಆಟದ ಆರಂಭದ ನಡೆಗಳ) ಕೋರ್ಸ್ ತಗೊಳ್ಳಿ ಅಂತಾರೆ. ಇನ್ನೊಬ್ಬರು ಹೈದರಾಬಾದ್, ಬೆಂಗಳೂರಿಗೆ ರೇಟಿಂಗ್ (ಆಟಗಾರರ ಬಲ ಅಳೆಯುವ ಅಂಕ) ಕೊಡುವ ಟೂರ್ನಿಗಳಿಗೆ ಕಳಿಸಿ ಅಂತಾರೆ. ನನಗೆ ಕಾಯಿ ನಡೆಸುವುದು ಗೊತ್ತು, ಅಷ್ಟೇ. ಎರಡೂ ಡ್ರಾ ಆಟಗಳನ್ನು ಅವಳು ಬರೆದ ಹಾಳೆ ಕಳಿಸಿದ್ದೇನೆ. ಕೊನೆಯ ಆಟದಲ್ಲಿ ಆನೆ ಬದಲು ಮಾಡಿಕೊಂಡಿದ್ದೇ ತಪ್ಪಾ? ನಾನು ಏನು ಮಾಡಲಿ?

ಉತ್ತರ:

ನೀವು ಕಳಿಸಿದ ಎರಡೂ ಆಟಗಳನ್ನು ಬೋರ್ಡಿನ ಮೇಲೆ ಜೋಡಿಸಿ ಎರಡೆರಡು ಸಲ ಆಡಿ ನೋಡಿದೆ. ರಾಪಿಡ್ ಆದರೂ ನಿಮ್ಮ ಮಗಳು ಎಲ್ಲ ನಡೆಗಳನ್ನೂ ಬರೆದುಕೊಂಡಿದ್ದಾಳಲ್ಲ, ಅದು ತುಂಬಾ ಒಳ್ಳೆಯ ಅಭ್ಯಾಸ. ಬಿಡಿಸಬೇಡಿ. ಅವಳು ಬರೆಯದೇ ಇದ್ದಿದ್ದರೆ ಈ ಉತ್ತರ ಬರೆಯೋಕೆ ನನಗೆ ಆಗುತ್ತಿರಲಿಲ್ಲ.

ಮೊದಲು ಕಾಯಿಗಳ ಹೆಸರು ಹೇಳಿಬಿಡುತ್ತೇನೆ. ನಾನು ಆನೆ ಅಂದರೆ ರೂಕ್, ಒಂಟೆ ಅಂದರೆ ಬಿಷಪ್, ಮಂತ್ರಿ ಅಂದರೆ ಕ್ವೀನ್. ನಮ್ಮ ಕಡೆ ಹಳೆಯ ಮಂದಿ ಮಂತ್ರಿಗೆ ವಜೀರ, ಪಾನ್‌ಗೆ ಪ್ಯಾದೆ ಅಂತಲೂ ಅನ್ನುತ್ತಾರೆ. ಪಾನ್‌ಗೆ ಮಾತ್ರ ಪಾನ್ ಅಂತಲೇ ಬರೆಯುತ್ತೇನೆ, ಮಕ್ಕಳು ಹಾಗೇ ಹೇಳೋದು. ಡಿ5, ಎಚ್7 ಅನ್ನೋದು ಮನೆಗಳ ಹೆಸರು: ಬಿಳಿಯ ಎಡಗೈಯಿಂದ ಬಲಕ್ಕೆ ಎ ಯಿಂದ ಎಚ್ ತನಕ ಉದ್ದ ಸಾಲು (ಫೈಲ್), ಬಿಳಿಯ ಕಡೆಯಿಂದ ಮೇಲಕ್ಕೆ 1ರಿಂದ 8ರ ತನಕ ಅಡ್ಡ ಸಾಲು.

ನಿಮ್ಮ ಚಿಂತೆ ಇಷ್ಟು: ಮಗಳು ಮುಂದಿರುತ್ತಾಳೆ, ಆದರೆ ಮುಗಿಸೋಕೆ ಬರೋದಿಲ್ಲ. ಅದಕ್ಕೆ ನೆನಪು ಕಾರಣವೋ, ಓಪನಿಂಗ್ ಕಾರಣವೋ, ಅನುಭವ ಕಾರಣವೋ ತಿಳಿಯುತ್ತಿಲ್ಲ. ನನ್ನ ಪ್ರಕಾರ ಮೂರೂ ಅಲ್ಲ. ಎರಡು ಆಟಗಳನ್ನೂ ಒಂದೇ ಲೆಕ್ಕಕ್ಕೆ ಹಾಕಿದ್ದೀರಿ, ಅಲ್ಲೇ ತಪ್ಪಿದ್ದು. ಒಂದರಲ್ಲಿ ಕೊನೆಯ ಡ್ರಾಗೆ ಅವಳದು ಏನೂ ತಪ್ಪಿಲ್ಲ. ಇನ್ನೊಂದರಲ್ಲಿ ತಪ್ಪಿದೆ, ಆದರೆ ಅದು ನೀವು ಅಂದುಕೊಂಡ ಜಾಗದಲ್ಲಿಲ್ಲ.

ಮೊದಲ ಡ್ರಾ, ನಾಲ್ಕನೇ ರೌಂಡಿನದು. ಬೋರ್ಡ್ ತಗೊಂಡು ಜೋಡಿಸಿ. ಮಗಳದು ಬಿಳಿ: ರಾಜ ಡಿ5, ಪಾನ್ ಇ5, ಆನೆ ಎಚ್7. ಕಪ್ಪು: ರಾಜ ಇ8, ಆನೆ ಎ6. ಬೇರೆ ಏನೂ ಇಲ್ಲ. ನೋಡಿದವರಿಗೆಲ್ಲ ಬಿಳಿ ಗೆಲ್ಲಬೇಕು ಅನ್ನಿಸುತ್ತದೆ. ಒಂದು ಪಾನ್ ಜಾಸ್ತಿ, ರಾಜ ಮುಂದೆ ಬಂದಿದ್ದಾನೆ, ಎದುರಾಳಿ ರಾಜ ಕೊನೆಯ ಸಾಲಿಗೆ ಸಿಕ್ಕಿಕೊಂಡಿದ್ದಾನೆ. ಆದರೆ ಇದು ಡ್ರಾ. ಇಬ್ಬರೂ ಸರಿಯಾಗಿ ಆಡಿದರೆ ಡ್ರಾನೇ. 18ನೇ ಶತಮಾನದಲ್ಲಿ ಫಿಲಿಡೋರ್ ಅಂತ ಒಬ್ಬ ಫ್ರೆಂಚ್ ಆಟಗಾರ ಇದ್ದ, ಸಂಗೀತ ರಚನೆಕಾರನೂ ಹೌದು. ಈ ರಕ್ಷಣೆಗೆ ಅವನದೇ ಹೆಸರು.

ಕಪ್ಪಿನ ಆನೆ 6ನೇ ಸಾಲಿನಲ್ಲಿ ಗೋಡೆಯ ಹಾಗೆ ನಿಂತಿದೆ. ಬಿಳಿ ರಾಜನಿಗೆ ಆ ಸಾಲಿಗೆ ಕಾಲಿಡೋಕೆ ಬಿಡೋದಿಲ್ಲ. ಕಪ್ಪಿಗೆ ಬೇರೆ ಕೆಲಸವೇ ಇಲ್ಲ, ಆನೆಯನ್ನು ಅದೇ ಸಾಲಿನಲ್ಲಿ ಆಚೆ ಈಚೆ ಸರಿಸುತ್ತಾ ಕಾಯೋದು ಅಷ್ಟೇ. ಕೊನೆಗೆ ಬೇಸತ್ತು ಬಿಳಿ ಪಾನನ್ನು ಇ6ಕ್ಕೆ ತಳ್ಳುತ್ತದೆ. ಆ ಕ್ಷಣ ಕಪ್ಪು ಆನೆ ಕೆಳಗೆ ಎ1ಕ್ಕೆ ಓಡುತ್ತದೆ, ಹಿಂದಿನಿಂದ ಚೆಕ್ ಮೇಲೆ ಚೆಕ್ ಕೊಡುತ್ತದೆ. ಬಿಳಿ ರಾಜ ಅಡಗಿಕೊಳ್ಳಬೇಕಾಗಿದ್ದ ಮನೆ ಇ6. ಅಲ್ಲಿ ಈಗ ಅವನದೇ ಪಾನ್ ಕೂತಿದೆ. ಅಡಗೋಕೆ ಜಾಗವೇ ಇಲ್ಲ. ಎದುರಿಗಿದ್ದ ಹುಡುಗ ಇದನ್ನು ಕಲಿತು ಬಂದಿದ್ದ. ಅವನು ಆನೆಯನ್ನು ಆತುರಕ್ಕೆ ಮೊದಲೇ ಕೆಳಗೆ ಒಯ್ದಿದ್ದರೆ ನಿಮ್ಮ ಮಗಳ ರಾಜ 6ನೇ ಸಾಲಿಗೆ ನುಗ್ಗಬಹುದಿತ್ತು. ಅವನು ಒಯ್ಯಲಿಲ್ಲ. ಇವಳು 20 ನಡೆ ಪ್ರಯತ್ನಪಟ್ಟಳು, ಅದೂ ಸರಿಯೇ.

ಹಾಗಾದರೆ ಎಂಜಿನ್ 'ಮುಂದಿದ್ದಳು' ಅಂದಿದ್ದು ಸುಳ್ಳಾ? ಸುಳ್ಳಲ್ಲ. ಆದರೆ ಅದು ಹೇಳಿದ್ದು 30ನೇ ನಡೆಯ ಸುತ್ತಮುತ್ತ, ಅವಳಿಗೆ ಎರಡು ಪಾನ್ ಜಾಸ್ತಿ ಇದ್ದಾಗ. 34ನೇ ನಡೆಯಲ್ಲಿ ಅವಳು ಅವಸರಕ್ಕೆ ಒಂದು ಪಾನ್ ಕೊಟ್ಟು ಒಂದು ತಗೊಂಡಳು, ಉಳಿದ ಇನ್ನೊಂದನ್ನು ಆನೆ ಬಂದು ಹೊಡೆಯಿತು. ಆ ಹೊತ್ತಿಗೇ ಗೆಲುವು ಕೈತಪ್ಪಿತ್ತು. ಉಳಿದ 30 ನಡೆ ಅವಳು ಅತ್ತುಕೊಂಡು ಆಡಿದ್ದು ಆಗಲೇ ಡ್ರಾ ಆಗಿದ್ದ ಆಟವನ್ನು. ಮನೆಯಲ್ಲಿ ಬೈದಿದ್ದು ಆ 30 ನಡೆಗೆ, ಅಲ್ವಾ? ದಯವಿಟ್ಟು ಅವಳಿಗೆ ಹೇಳಿ, ಆ ಕೊನೆ ಸರಿಯಿತ್ತು ಅಂತ.

ಎರಡನೇ ಡ್ರಾ ಇದಕ್ಕಿಂತ ಮುಖ್ಯ. ಕೊನೆಯ ರೌಂಡ್, ಸಂಜೆ. ಬಿಳಿ: ರಾಜ ಡಿ3, ಆನೆ ಎಚ್4, ಪಾನ್ ಇ2. ಕಪ್ಪು: ರಾಜ ಎಫ್7, ಆನೆ ಇ6. ಬಿಳಿಯ ಸರದಿ. ಮಗಳು ಪಾನನ್ನು ಇ2ರಿಂದ ಇ3ಕ್ಕೆ ಒಂದು ಮನೆ ತಳ್ಳಿದಳು. ಎದುರಾಳಿ ರಾಜನನ್ನು ಇ7ಕ್ಕೆ ತಂದ. ಮಗಳು ಆನೆಯನ್ನು ಇ4ಕ್ಕೆ ತಂದು 'ಬಾ, ಆನೆಗೆ ಆನೆ' ಅಂದಳು. ಅವನು ಹೊಡೆದ, ಇವಳು ರಾಜನಿಂದ ಹೊಡೆದಳು, ಅವನು ರಾಜನನ್ನು ಇ6ಕ್ಕೆ ತಂದ. ಡ್ರಾ.

ನೀವು ಪತ್ರದಲ್ಲಿ 'ಆನೆ ಬದಲು ಮಾಡಿಕೊಂಡಿದ್ದೇ ತಪ್ಪಾ?' ಅಂತ ಕೇಳಿದ್ದೀರಿ. ಬದಲು ಮಾಡಿದ್ದು ಮೂಲ ತಪ್ಪಲ್ಲ. ಅದಕ್ಕೂ ಮೊದಲು ಪಾನ್ ತಳ್ಳಿದ್ದು ತಪ್ಪು.

ಈಗ ಕೊನೆಯ ಸ್ಥಿತಿ ನೋಡಿ. ಬಿಳಿ ರಾಜ ಇ4, ಪಾನ್ ಇ3. ಕಪ್ಪು ರಾಜ ಇ6. ಇಬ್ಬರು ರಾಜರೂ ಎದುರುಬದುರು ನಿಂತಿದ್ದಾರೆ, ನಡುವೆ ಒಂದೇ ಮನೆ. ಇದಕ್ಕೆ ಅಪೊಸಿಷನ್ ಅಂತಾರೆ. ಇಲ್ಲಿ ಯಾರು ನಡೆಯಬೇಕೋ ಅವರಿಗೇ ಕಷ್ಟ. ಬಿಳಿಯೇ ನಡೆಯಬೇಕು. ರಾಜ ಎಡಕ್ಕೆ ಹೋದರೆ ಕಪ್ಪು ರಾಜನೂ ಅದೇ ಕಡೆ ಬಂದು ಎದುರಿಗೆ ನಿಲ್ಲುತ್ತಾನೆ. ಬಲಕ್ಕೆ ಹೋದರೂ ಅಷ್ಟೇ. ಪಾನ್ ತಳ್ಳೋಣ ಅಂದರೆ ಮುಂದೆ ತನ್ನದೇ ರಾಜ ನಿಂತಿದ್ದಾನೆ. ದಾರಿಯೇ ಇಲ್ಲ.

ಇದೇ ಸ್ಥಿತಿಯಲ್ಲಿ ಪಾನ್ ಇ3ರಲ್ಲಿ ಇಲ್ಲ, ಇ2ರಲ್ಲೇ ಇದೆ ಅಂದುಕೊಳ್ಳಿ. ಆಗ ಬಿಳಿ ನಿಧಾನಕ್ಕೆ ಇ3 ಆಡುತ್ತದೆ. ಅಷ್ಟೇ, ಸರದಿ ಕಪ್ಪಿನದಾಯಿತು. ಈಗ ಕಪ್ಪು ರಾಜನೇ ಪಕ್ಕಕ್ಕೆ ಸರಿಯಬೇಕು. ಅವನು ಎಫ್6ಕ್ಕೆ ಹೋದರೆ ಬಿಳಿ ರಾಜ ಡಿ5ಕ್ಕೆ, ಡಿ6ಕ್ಕೆ ಹೋದರೆ ಎಫ್5ಕ್ಕೆ. ರಾಜ ಪಾನಿನ ಮುಂದೆ ದಾರಿ ಬಿಡಿಸಿಕೊಂಡು ಹೋಗುತ್ತಾನೆ, ಪಾನ್ ಹಿಂದೆ ಬಂದು ಮಂತ್ರಿಯಾಗುತ್ತದೆ. ಗೆಲುವು. ಒಂದೇ ಮನೆ ವ್ಯತ್ಯಾಸ. ಹಿಂದೆ ಇರೋ ಪಾನ್ ಅಂದರೆ ಕಿಸೆಯಲ್ಲಿ ಇಟ್ಟುಕೊಂಡ ಬಸ್ ಚಾರ್ಜ್ ಇದ್ದ ಹಾಗೆ. ವಾಪಸ್ ಬರೋಕೆ ಬೇಕಾಗುತ್ತದೆ, ಸುಮ್ನೆ ಖರ್ಚು ಮಾಡಬಾರದು.

ಅಂದರೆ ಅವಳು ಇ3 ಆಡದೆ ನೇರವಾಗಿ ಆನೆಯನ್ನು ಇ4ಕ್ಕೆ ತಂದಿದ್ದರೆ? ಕಪ್ಪು ಆನೆ ಹೊಡೆದುಕೊಂಡಿದ್ದರೆ ಗೆಲುವು ಖಾತ್ರಿ. ಹೊಡೆಯದೆ ಪಕ್ಕಕ್ಕೆ ಸರಿದಿದ್ದರೆ ಆಟ ಮುಂದುವರಿಯುತ್ತಿತ್ತು, ಗೆಲುವು ಖಾತ್ರಿ ಅಂತ ನಾನು ಹೇಳೋದಿಲ್ಲ. ಆದರೆ ಅವತ್ತಿನ ಹುಡುಗ ಆನೆ ಬದಲಿಗೆ ತುದಿಗಾಲಲ್ಲಿ ನಿಂತಿದ್ದ, ಅದು ಆಟದಲ್ಲೇ ಕಾಣುತ್ತದೆ. ಇ3 ಆಡಿದ ಮೇಲಾದರೂ ಅವಳು ಆನೆ ಇಟ್ಟುಕೊಂಡೇ ಆಡಬೇಕಿತ್ತು.

ಈ ಬಗೆಯ ತಪ್ಪು ನಿಮ್ಮ ಮಗಳೊಬ್ಬಳದೇ ಅಲ್ಲ. ಕಲಬುರಗಿ, ಸೇಡಂ, ಹುಮನಾಬಾದ್, ಸುರಪುರ ಕಡೆಯಿಂದ ನನ್ನ ಹತ್ತಿರ ಕಲಿಯೋಕೆ ಬರೋ ಮಕ್ಕಳ ಆಟ ನೋಡಿದಾಗಲೆಲ್ಲ ನನಗೆ ಹೆಚ್ಚಾಗಿ ಕಾಣೋದು ಇದೇ. 'ನನಗೆ ಒಂದು ಜಾಸ್ತಿ ಇದೆ, ಎಲ್ಲ ಬದಲು ಮಾಡಿದರೆ ಸಾಕು' ಅಂತ ಯಾರೋ ಹೇಳಿಕೊಟ್ಟಿರುತ್ತಾರೆ. ಆ ಮಾತು ಅರ್ಧ ನಿಜ. ಆನೆ, ಒಂಟೆ, ಕುದುರೆಯಂಥ ಕಾಯಿ ಜಾಸ್ತಿ ಇದ್ದಾಗ ಬದಲು ಮಾಡೋದು ಒಳ್ಳೆಯದು. ಪಾನ್ ಮಾತ್ರ ಜಾಸ್ತಿ ಇದ್ದಾಗ, ಅದರಲ್ಲೂ ಕೊನೆಯ ಕಾಯಿ ಬದಲು ಮಾಡೋವಾಗ, ನಿಲ್ಲಬೇಕು. ಬದಲಾದ ಮೇಲೆ ಉಳಿಯೋದು ರಾಜ ಮತ್ತು ಪಾನ್ ಮಾತ್ರ. ಅಲ್ಲಿ 'ಸ್ವಲ್ಪ ಚೆನ್ನಾಗಿದೆ' ಅನ್ನೋದೇ ಇಲ್ಲ, ಗೆಲುವು, ಡ್ರಾ, ಇಲ್ಲವೇ ಸೋಲು. ವಾಪಸ್ ಬರೋಕೆ ದಾರಿಯೂ ಇಲ್ಲ.

ನನಗೂ ಇದು ಹೊಡೆತ ತಿಂದೇ ತಿಳಿದಿದ್ದು. ಕಾಲೇಜಿನಲ್ಲಿದ್ದಾಗ ಒಂದು ಟೂರ್ನಿಯ ಕೊನೆ ರೌಂಡಿನಲ್ಲಿ ನನ್ನ ಹತ್ತಿರ ಬಿಳಿ ಮನೆಯ ಒಂಟೆ ಮತ್ತು ಎಚ್ ಫೈಲಿನ ಪಾನ್ ಉಳಿಯೋ ಹಾಗೆ ಎಲ್ಲ ಬದಲು ಮಾಡಿಕೊಂಡೆ. ಎದುರಿಗಿದ್ದ ಹಿರಿಯರ ಹತ್ತಿರ ರಾಜ ಮಾತ್ರ. ಗೆದ್ದೆ ಅಂತಲೇ ಕೂತಿದ್ದೆ. ಅವರು ರಾಜನನ್ನು ನಿಧಾನಕ್ಕೆ ಎಚ್8ರ ಮೂಲೆಗೆ ತಗೊಂಡು ಹೋಗಿ ಕೂರಿಸಿದರು. ಎಚ್8 ಕಪ್ಪು ಮನೆ. ನನ್ನ ಒಂಟೆ ಓಡಾಡೋದು ಬಿಳಿ ಮನೆಯಲ್ಲಿ. ಅವರನ್ನು ಅಲ್ಲಿಂದ ಎಬ್ಬಿಸೋಕೆ ನನ್ನಿಂದ ಆಗಲೇ ಇಲ್ಲ. ಒಂಟೆ ಪೂರ್ತಿ ಜಾಸ್ತಿ, ಪಾನೂ ಜಾಸ್ತಿ, ಆದರೂ ಡ್ರಾ. ರಾತ್ರಿ ರೈಲಿನಲ್ಲಿ ನಿದ್ದೆ ಬರಲಿಲ್ಲ. ಹತ್ತು ನಿಮಿಷದಲ್ಲಿ ಕಲಿಯಬಹುದಾಗಿದ್ದ ವಿಷಯ, ಯಾರೂ ಹೇಳಿಕೊಟ್ಟಿರಲಿಲ್ಲ.

ದೊಡ್ಡವರಿಗೂ ಹೀಗಾಗುತ್ತದೆ. 2024ರ ಡಿಸೆಂಬರ್ 12, ಸಿಂಗಪುರ, ವಿಶ್ವ ಚಾಂಪಿಯನ್‌ಷಿಪ್‌ನ 14ನೇ ಆಟ. ನಮ್ಮ ಗುಕೇಶ್ ಮತ್ತು ಚೀನಾದ ಡಿಂಗ್ ಲಿರೆನ್ 6.5–6.5 ಸಮ ಇದ್ದರು. ಡಿಂಗ್‌ಗೆ ಒಂದು ಪಾನ್ ಕಡಿಮೆ ಇತ್ತು, ಆದರೆ ಇಬ್ಬರ ಹತ್ತಿರವೂ ಆನೆ, ಒಂಟೆ ಇದ್ದವು, ಪಾನ್‌ಗಳೆಲ್ಲ ಒಂದೇ ಕಡೆ ಇದ್ದವು. ಡ್ರಾ ಆಗೋ ಆಟ. 55ನೇ ನಡೆಯಲ್ಲಿ ಡಿಂಗ್ ಆನೆಯನ್ನು ಎಫ್2ಕ್ಕೆ ತಂದು ಆನೆ ಬದಲಿಗೆ ಬಾ ಅಂದರು. ಗುಕೇಶ್ ಆನೆ ಹೊಡೆದರು, ಮರುನಡೆಯಲ್ಲೇ ಒಂಟೆಯನ್ನೂ ಬದಲು ಮಾಡಿಸಿದರು. ಡಿಂಗ್‌ರ ಒಂಟೆ ಎ8ರ ಮೂಲೆಯಲ್ಲಿತ್ತು, ತಪ್ಪಿಸಿಕೊಳ್ಳೋಕೆ ಆಗಲಿಲ್ಲ. ಉಳಿದಿದ್ದು ರಾಜ ಮತ್ತು ಪಾನ್. ಅಲ್ಲಿ ಒಂದು ಪಾನ್ ಕಡಿಮೆ ಇದ್ದಿದ್ದು ಸಾವಿನಷ್ಟು ಭಾರವಾಯಿತು. 58ನೇ ನಡೆಗೆ ಆಟ ಮುಗಿಯಿತು. 18 ವರ್ಷದ ಹುಡುಗ ವಿಶ್ವ ಚಾಂಪಿಯನ್ ಆದ. ಈ ಆಟವನ್ನು ಮಗಳಿಗೆ ತೋರಿಸಿ, ಕೊನೆಯ ನಾಲ್ಕು ನಡೆ ಮಾತ್ರ ಸಾಕು. ಕೊನೆಯ ಕಾಯಿಗಳ ಬದಲು ಅಂದರೆ ಏನು ಅಂತ ಅವಳಿಗೆ ತಾನಾಗಿ ತಿಳಿಯುತ್ತದೆ.

ಸೋದರಮಾವನ ಮಾತಿಗೆ ಬರುತ್ತೇನೆ. ನೆನಪಿನ ಶಕ್ತಿ ಸಾಲದು ಅನ್ನೋದಕ್ಕೆ ಈ ಎರಡು ಆಟಗಳಲ್ಲಿ ಒಂದು ಗುರುತೂ ಇಲ್ಲ. ಗೊತ್ತಿಲ್ಲದ್ದನ್ನು ಮರೆಯೋದು ಹೇಗೆ? ಅವಳಿಗೆ ಈ ಸ್ಥಿತಿಗಳನ್ನು ಯಾರೂ ತೋರಿಸಿಲ್ಲ, ಅಷ್ಟೇ. ಅವಳಿಗೆ ಕೇಳಿಸೋ ಹಾಗೆ ಮನೆಯಲ್ಲಿ ಆ ಮಾತು ಆಡಬೇಡಿ ಅಂತ ಅವರಿಗೆ ಹೇಳಿ. 13 ವರ್ಷದ ಮಗು ಅದನ್ನು ನಂಬಿಬಿಡುತ್ತದೆ. ಆಮೇಲೆ ಬೋರ್ಡಿನ ಮುಂದೆ ಪ್ರತಿ ಸಲ ಯೋಚಿಸೋದು ಬಿಟ್ಟು ನೆನಪಿಸಿಕೊಳ್ಳೋಕೆ ಕೂರುತ್ತದೆ.

ಇನ್ನೊಂದು ಕಾರಣ ನಿಮ್ಮ ಪತ್ರದಲ್ಲೇ ಇದೆ, ನೀವು ಗಮನಿಸಿಲ್ಲ. ಅವತ್ತು ಬೆಳಗ್ಗೆ 5ರ ಬಸ್ಸಿಗೆ ಶಹಾಪುರ ಬಿಟ್ಟೆವು ಅಂತ ಬರೆದಿದ್ದೀರಿ. ಅಂದರೆ ಮಗು ಎದ್ದಿದ್ದು ನಾಲ್ಕಕ್ಕೆ. ಕೊನೆಯ ರೌಂಡ್ ಶುರುವಾಗಿದ್ದು ಸಂಜೆ ಐದೂವರೆಗೆ. ನಡುವೆ ಐದು ಆಟ. ಮಧ್ಯಾಹ್ನ ಊಟದ ಬದಲು ಚಿಪ್ಸ್ ಮತ್ತು ತಂಪು ಪಾನೀಯ. ನಮ್ಮ ಕಡೆಯ ಬಿಸಿಲು, ನೂರಾರು ಮಕ್ಕಳು ಕೂತ ಸಭಾಂಗಣ. ಅವಳ ಬರಹವನ್ನೇ ನೋಡಿ, ನಾಲ್ಕನೇ ರೌಂಡಿನ ಅಕ್ಷರ ದುಂಡಗಿದೆ, ಕೊನೆಯದರಲ್ಲಿ ನಡೆಗಳು ಗೆರೆ ಬಿಟ್ಟು ಹೊರಗೆ ಹೋಗಿವೆ. ಇ3 ತಳ್ಳಿದ್ದು ಆ ಹೊತ್ತಿನಲ್ಲಿ. ಸುಸ್ತಾದ ಆಟಗಾರ ಪಾನ್ ತಳ್ಳುತ್ತಾನೆ, ಯಾಕೆಂದರೆ ಪಾನ್ ತಳ್ಳೋಕೆ ಯೋಚನೆ ಬೇಡ. ಸಾಧ್ಯವಾದರೆ ಹಿಂದಿನ ರಾತ್ರಿಯೇ ಕಲಬುರಗಿಗೆ ಬನ್ನಿ, ನೆಂಟರ ಮನೆಯಲ್ಲೋ ಎಲ್ಲೋ ಉಳಿಯಿರಿ. ಮನೆಯಿಂದಲೇ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಕಟ್ಟಿಕೊಂಡು ಬನ್ನಿ. ನೀರು ಜಾಸ್ತಿ ಕುಡಿಸಿ. ರೌಂಡ್ ಮುಗಿದ ತಕ್ಷಣ ಮೊಬೈಲಿನಲ್ಲಿ ಎಂಜಿನ್ ಹಚ್ಚಬೇಡಿ. ಸೋತ ಆಟ ತಲೆಯಲ್ಲಿ ಇಟ್ಟುಕೊಂಡು ಮುಂದಿನ ಬೋರ್ಡಿಗೆ ಹೋಗೋದು ಯಾರಿಗೂ ಒಳ್ಳೆಯದಲ್ಲ.

ಎಂಜಿನ್ ಬಗ್ಗೆ ಇನ್ನೊಂದು ಮಾತು. ಅದು 'ಪ್ಲಸ್ 2' ಅಂತ ತೋರಿಸಿದರೆ, ತಪ್ಪೇ ಮಾಡದವರು ಆಡಿದರೆ ಅನುಕೂಲ ಇದೆ ಅಂತ ಅರ್ಥ. ಎಂಟನೇ ಕ್ಲಾಸಿನ ಹುಡುಗಿ ಕ್ಲಾಕಿನಲ್ಲಿ ಎರಡು ನಿಮಿಷ ಇಟ್ಟುಕೊಂಡು ಗೆಲ್ಲುತ್ತಾಳೆ ಅಂತ ಅಲ್ಲ. ಮೊದಲು ಬೋರ್ಡಿನ ಮೇಲೆ, ಎಂಜಿನ್ ಇಲ್ಲದೆ, ಅವಳೇ ಆಟವನ್ನು ಮತ್ತೆ ಆಡಲಿ. ಎಲ್ಲಿ ಏನು ಅಂದುಕೊಂಡೆ ಅಂತ ಪಕ್ಕದಲ್ಲಿ ಬರೆಯಲಿ. ಆಮೇಲೆ ಎಂಜಿನ್. ಬೋರ್ಡಿನ ಮೇಲೆ ಪಾನ್‌ಗಳನ್ನೂ ಎರಡು ರಾಜರನ್ನೂ ಸೇರಿಸಿ ಏಳು ಕಾಯಿ ಅಥವಾ ಅದಕ್ಕಿಂತ ಕಡಿಮೆ ಉಳಿದಾಗ ಟೇಬಲ್‌ಬೇಸ್ ಅಂತ ಇದೆ, ಲಿಚೆಸ್ ಅನ್ನೋ ಚೆಸ್ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಅಂದಾಜು ಇಲ್ಲ. ಗೆಲುವು, ಸೋಲು, ಡ್ರಾ ಮೂರರಲ್ಲಿ ಒಂದು, ಅದು ಕೊನೆಯ ಮಾತು. ಮೇಲಿನ ಎರಡೂ ಸ್ಥಿತಿಗಳನ್ನು ಅದರಲ್ಲಿ ಹಾಕಿ ನೋಡಿ. ಆದರೆ ಅದು ಯಾಕೆ ಅಂತ ಹೇಳೋದಿಲ್ಲ. ಯಾಕೆ ಅನ್ನೋದನ್ನು ಮಗು ಬೋರ್ಡಿನ ಮೇಲೇ ಹುಡುಕಬೇಕು.

ಈಗ ನೀವು ಕೇಳಿದ ದಾರಿಗಳು.

12 ಸಾವಿರದ ಓಪನಿಂಗ್ ಕೋರ್ಸ್: ಈಗ ಬೇಡ. ಕೋರ್ಸ್ ಕೆಟ್ಟದ್ದು ಅಂತಲ್ಲ. ಅವಳ ಆಟಗಳಲ್ಲಿ ಎದುರಾಳಿಗಳು ಆರನೇ, ಏಳನೇ ನಡೆಗೇ ಪುಸ್ತಕದ ದಾರಿ ಬಿಟ್ಟು ಹೋಗಿದ್ದಾರೆ. 15 ನಡೆ ಬಾಯಿಪಾಠ ಮಾಡಿಸಿದರೆ ಏಳನೇ ನಡೆಗೆ ಗೊಂದಲವೇ ಜಾಸ್ತಿ. ಅಲ್ಲದೆ ಓಪನಿಂಗ್‌ನಿಂದ ಅವಳು ಚೆನ್ನಾಗಿಯೇ ಹೊರಗೆ ಬರುತ್ತಿದ್ದಾಳೆ, ಪಾನ್ ಗೆಲ್ಲುತ್ತಿದ್ದಾಳೆ. ಸೋರುತ್ತಿರೋದು ಒಂದು ಕಡೆ, ಗಾರೆ ಮೆತ್ತೋದು ಇನ್ನೊಂದು ಕಡೆ ಆಗಬಾರದು.

ಆನ್‌ಲೈನ್ ಕೋಚ್: ಹಣ ಕೈಗೆಟುಕಿದರೆ ಇರಲಿ. ಆದರೆ ಮೊದಲ ದಿನವೇ ಕೇಳಿ, ಎಂಡ್‌ಗೇಮ್‌ಗೆ, ಅಂದರೆ ಕಾಯಿಗಳು ಕಡಿಮೆ ಉಳಿದ ಕೊನೆಯ ಹಂತಕ್ಕೆ, ಎಷ್ಟು ಹೊತ್ತು ಕೊಡುತ್ತೀರಿ ಅಂತ. ಮೂರರಲ್ಲಿ ಒಂದು ಪಾಲಾದರೂ ಕೊಡದಿದ್ದರೆ ಬೇರೆಯವರನ್ನು ನೋಡಿ. ಕ್ಲಾಸಿನಲ್ಲಿ ಪಕ್ಕದಲ್ಲಿ ಎಂಜಿನ್ ಓಡಿಸಿಕೊಂಡು ಉತ್ತರ ಹೇಳೋರು ಬೇಡ. ಮಗು ಯೋಚಿಸೋ ಮೊದಲೇ ಉತ್ತರ ಬಂದುಬಿಟ್ಟರೆ ಅದು ಟೂರ್ನಿಯಲ್ಲೂ ಯಾರಾದರೂ ಹೇಳಲಿ ಅಂತ ಕಾಯುತ್ತದೆ.

ರೇಟಿಂಗ್ ಟೂರ್ನಿ: ಹೋಗಲೇಬೇಕು, ಆದರೆ ಈ ತಿಂಗಳಲ್ಲ. ಅಖಿಲ ಭಾರತ ಚೆಸ್ ಫೆಡರೇಶನ್‌ನಲ್ಲಿ ಹೆಸರು ನೋಂದಾಯಿಸಬೇಕು. ಮೊದಲ ಫಿಡೆ (ವಿಶ್ವ ಚೆಸ್ ಸಂಸ್ಥೆ) ರೇಟಿಂಗ್ ಬರೋಕೆ ರೇಟಿಂಗ್ ಇರೋ ಆಟಗಾರರ ಜೊತೆ ಕನಿಷ್ಠ 5 ಆಟ ಆಗಬೇಕು, ಸಾಧನೆಯೂ 1400ಕ್ಕೆ ಮುಟ್ಟಬೇಕು. 2024ರ ಮಾರ್ಚ್‌ನಿಂದ ಕನಿಷ್ಠ ರೇಟಿಂಗ್ 1400 ಮಾಡಿದ್ದಾರೆ. ಐದೂ ಆಟ ಒಂದೇ ಟೂರ್ನಿಯಲ್ಲಿ ಆಗಬೇಕು ಅಂತಿಲ್ಲ, 26 ತಿಂಗಳೊಳಗೆ ಕೂಡಿಸಿಕೊಳ್ಳಬಹುದು. ಆದ್ದರಿಂದ 'ಈಗ ಹೋಗದಿದ್ದರೆ ಕೆಟ್ಟೆವು' ಅನ್ನೋ ಅವಸರ ಬೇಡ.

ರೇಟಿಂಗ್ ಬಂದ ಮೇಲಿನ ಲೆಕ್ಕವನ್ನು ತಂದೆಯಾದ ನೀವು ತಿಳಿದಿರಬೇಕು. 18ರ ಒಳಗಿನ, 2300ಕ್ಕಿಂತ ಕಡಿಮೆ ರೇಟಿಂಗ್ ಇರೋ ಮಕ್ಕಳಿಗೆ ಕೆ ಅನ್ನೋ ಅಂಕಿ, ಅಂದರೆ ಒಂದು ಆಟಕ್ಕೆ ರೇಟಿಂಗ್ ಎಷ್ಟು ಏರಿಳಿಯಬೇಕು ಅಂತ ಲೆಕ್ಕ ಹಾಕೋ ಅಂಕಿ, 40. ಸಮ ರೇಟಿಂಗ್ ಇರೋರ ಜೊತೆ ಗೆದ್ದರೆ ಅದರ ಅರ್ಧ, 20 ಅಂಕ ಸಿಗುತ್ತದೆ, ಸೋತರೆ 20 ಹೋಗುತ್ತದೆ, ಡ್ರಾಗೆ ಸೊನ್ನೆ. ಗೆಲ್ಲೋ ಆಟ ಡ್ರಾ ಆದಾಗಲೆಲ್ಲ 20 ಅಂಕ ಬಿಟ್ಟು ಬಂದ ಹಾಗೆ. ಎಂಡ್‌ಗೇಮ್ ಕಲಿಯದೆ ತಿಂಗಳಿಗೆ ಎರಡು ಟೂರ್ನಿ ಆಡಿಸಿದರೆ ರೈಲಿಗೆ, ಲಾಡ್ಜಿಗೆ ದುಡ್ಡು ಹೋಗುತ್ತದೆ, ಅದೇ ತಪ್ಪು ಗಟ್ಟಿಯಾಗುತ್ತದೆ, ಮಗುವಿನ ಮನಸ್ಸೂ ಕುಗ್ಗುತ್ತದೆ. ಮೂರು ತಿಂಗಳು ಬಿಟ್ಟು, ರಜೆಯಲ್ಲಿ, ಒಂದು ಟೂರ್ನಿ. ಅದೂ ಕ್ಲಾಸಿಕಲ್ ಆಗಿರಲಿ, ದಿನಕ್ಕೆ ಎರಡೋ ಮೂರೋ ಆಟ ಇರೋದು. ಅಲ್ಲಿ ಯೋಚಿಸೋಕೆ ಸಮಯ ಇರುತ್ತದೆ.

ಮನೆಯಲ್ಲೇ ಕಲಿಸೋದು: ನನ್ನ ಪೂರ್ತಿ ಒಲವು ಇದಕ್ಕೇ. ದಿನಕ್ಕೆ 20 ನಿಮಿಷ ಸಾಕು. ನಿಮಗೆ ಕಾಯಿ ನಡೆಸೋಕೆ ಬರುತ್ತದಲ್ಲ, ಅಷ್ಟೇ ಬೇಕಾಗಿರೋದು. ನೀವು ಕಪ್ಪು ಹಿಡಿಯಿರಿ, ಅವಳು ಬಿಳಿ. ಮೊದಲ ಎರಡು ವಾರ ರಾಜ ಮತ್ತು ಒಂದು ಪಾನ್ ಮಾತ್ರ. ಇ4ರಲ್ಲಿ ರಾಜ, ಇ2ರಲ್ಲಿ ಪಾನ್, ನಿಮ್ಮ ರಾಜ ಇ6ರಲ್ಲಿ. ಅವಳು ಸತತ ಐದು ಸಲ ಗೆಲ್ಲಬೇಕು. ಆಮೇಲೆ ಪಾನ್ ಇ3ಕ್ಕೆ ಇಟ್ಟು ಬಣ್ಣ ಅದಲುಬದಲು ಮಾಡಿ, ಬಿಳಿಗೆ ಮೊದಲ ನಡೆ ಕೊಟ್ಟು ಅವಳು ಡ್ರಾ ಮಾಡಲಿ. ನಂತರ ಅಂಚಿನ ಪಾನ್, ಅಂದರೆ ಎ ಮತ್ತು ಎಚ್ ಫೈಲಿನದು. ಮೂಲೆಯಲ್ಲಿ ರಾಜ ಕೂತರೆ ಅದು ಗೆಲ್ಲೋದಿಲ್ಲ ಅಂತ ಅವಳೇ ಕಂಡುಹಿಡಿಯಲಿ. ಆಮೇಲೆ ನಾನು ಹೇಳಿದ ತಪ್ಪು ಬಣ್ಣದ ಒಂಟೆ.

ಮೂರನೇ ವಾರದಿಂದ ಆನೆ. ಫಿಲಿಡೋರ್ ಸ್ಥಿತಿಯನ್ನು ಈ ಸಲ ಅವಳು ಕಪ್ಪು ಹಿಡಿದು ಉಳಿಸಲಿ. ತಾನು ಗೆಲ್ಲಲಾಗದೆ ಅತ್ತ ಆಟವನ್ನೇ ತಾನು ಡ್ರಾ ಮಾಡಿದಾಗ ಅವಳ ಮುಖ ನೋಡಿ. ಅದಾದ ಮೇಲೆ ಲುಸೇನಾ ಸ್ಥಿತಿ: ಬಿಳಿ ರಾಜ ಜಿ8, ಪಾನ್ ಜಿ7, ಆನೆ ಎಫ್1. ಕಪ್ಪು ರಾಜ ಇ7, ಆನೆ ಎಚ್2. ಬಿಳಿ ರಾಜ ತನ್ನ ಪಾನಿನ ಮುಂದೆಯೇ ಸಿಕ್ಕಿಕೊಂಡಿದ್ದಾನೆ, ಹೊರಗೆ ಬರೋಕೆ ಮನೆಯೇ ಇಲ್ಲ. ಇಲ್ಲಿ ಬಿಳಿ ಆನೆ ಎಫ್4ಕ್ಕೆ ಬರುತ್ತದೆ. ಏನೂ ಮಾಡದ ನಡೆಯ ಹಾಗೆ ಕಾಣುತ್ತದೆ. ಆದರೆ ಮುಂದೆ ಆ ಆನೆ ಇ4ರಿಂದ ಚೆಕ್ ಕೊಟ್ಟು ಕಪ್ಪು ರಾಜನನ್ನು ದೂರ ಸರಿಸಿದ ಮೇಲೆ, ಬಿಳಿ ರಾಜ ಚೆಕ್ ತಪ್ಪಿಸಿಕೊಂಡು ಜಿ5ರ ತನಕ ಇಳಿದು ಬಂದಾಗ ಅದೇ ಆನೆ ಜಿ4ಕ್ಕೆ ಬಂದು ಕೊನೆಯ ಚೆಕ್‌ಗೆ ಅಡ್ಡ ನಿಲ್ಲುತ್ತದೆ. ಇದಕ್ಕೆ ಸೇತುವೆ ಕಟ್ಟೋದು ಅಂತಾರೆ. ಆನೆ ಎಂಡ್‌ಗೇಮ್‌ನಲ್ಲಿ ಡ್ರಾಗೆ ಫಿಲಿಡೋರ್, ಗೆಲುವಿಗೆ ಲುಸೇನಾ. ಈ ಎರಡು ಗೊತ್ತಿದ್ದರೆ ಯಾವ ಕಡೆ ಹೋಗಬೇಕು ಅಂತ ದೂರದಿಂದಲೇ ಕಾಣುತ್ತದೆ.

ಈ ದಾರಿಯಲ್ಲೂ ಒಂದು ಅಪಾಯ ಇದೆ. ಬೇಸರ. ಮಗುವಿಗೆ ಮಂತ್ರಿ, ಕುದುರೆ ಎಲ್ಲ ಇಟ್ಟುಕೊಂಡು ಆಡೋ ಖುಷಿ ಇಲ್ಲಿ ಇರೋದಿಲ್ಲ. 20 ನಿಮಿಷಕ್ಕಿಂತ ಜಾಸ್ತಿ ಕೂರಿಸಬೇಡಿ. ಒಂದು ದಿನ ಬೇಡ ಅಂದರೆ ಬಿಟ್ಟುಬಿಡಿ. ವಾರಕ್ಕೆ ಎರಡು ಪೂರ್ತಿ ಆಟ ಅವಳಿಗಿಷ್ಟ ಬಂದವರ ಜೊತೆ ಆಡಲಿ.

ನಿಯಮಗಳಲ್ಲಿ ಒಂದು ವಿಷಯ ಹೇಳಿಕೊಡಿ. ಒಂದೇ ಸ್ಥಿತಿ ಮೂರು ಸಲ ಬಂದರೆ, ಅಥವಾ ಪಾನ್ ನಡೆಯದೆ, ಯಾವ ಕಾಯಿಯೂ ಹೊಡೆಯದೆ ಇಬ್ಬರೂ 50 ನಡೆ ಆಡಿದರೆ ಡ್ರಾ ಕೇಳಬಹುದು. ಆದರೆ ಕೇಳಬೇಕು, ತಾನಾಗಿ ಬರೋದಿಲ್ಲ. ಎದುರಾಳಿಗೆ ಹೇಳಿದರೆ ಸಾಲದು, ಕ್ಲಾಕ್ ನಿಲ್ಲಿಸಿ ಆರ್ಬಿಟರನ್ನು (ತೀರ್ಪುಗಾರರನ್ನು) ಕರೆಯಬೇಕು. ಬೀದರ್‌ನಲ್ಲಿ ಒಂದು ಸಲ ನಾನೇ ಆರ್ಬಿಟರ್ ಆಗಿದ್ದಾಗ ಒಬ್ಬ ಹುಡುಗ ಮೂರು ಸಲ ಆಯಿತು ಅಂತ ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದ. ಆದರೆ ಅವನು ಕೊನೆಯ ಹನ್ನೆರಡು ನಡೆ ಬರೆದೇ ಇರಲಿಲ್ಲ, ತೋರಿಸೋಕೆ ಏನೂ ಇರಲಿಲ್ಲ. ನಿಮ್ಮ ಮಗಳು ಬರೆಯುತ್ತಾಳೆ. ಅದು ಅವಳ ಕೈಯಲ್ಲಿರೋ ಆಸ್ತಿ.

ಆಟ ಬಿಡಿಸಬೇಕಾ ಅನ್ನೋ ಯೋಚನೆ ಇದ್ದರೆ ಬೇಡವೇ ಬೇಡ. ಮೈಸೂರಿನ ತೇಜ್‌ಕುಮಾರ್ 2017ರಲ್ಲಿ ನಮ್ಮ ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ನಾಗ್ಪುರದ ದಿವ್ಯಾ ದೇಶಮುಖ್ 2025ರಲ್ಲಿ ಮಹಿಳಾ ವಿಶ್ವಕಪ್ ಗೆದ್ದರು. ನಮ್ಮ ಯಾದಗಿರಿ, ಕಲಬುರಗಿ, ಬೀದರ್ ಜಿಲ್ಲೆಗಳಿಂದಲೂ ಅಂಥವರು ಬರಬೇಕು ಅನ್ನೋದು ನನ್ನ ಆಸೆ. ಆರು ರೌಂಡಿನಲ್ಲಿ ಒಂದೇ ಆಟ ಸೋತ ಹುಡುಗಿಯನ್ನು ನಿಲ್ಲಿಸೋಕೆ ನನಗಂತೂ ಯಾವ ಕಾರಣವೂ ಕಾಣುತ್ತಿಲ್ಲ.

ಕೊನೆಗೆ ಮಗಳಿಗೆ ಒಂದು ಕೆಲಸ. ಬಿಳಿ ರಾಜ ಎಚ್8, ಬಿಳಿ ಪಾನ್ ಸಿ6. ಕಪ್ಪು ರಾಜ ಎ6, ಕಪ್ಪು ಪಾನ್ ಎಚ್5. ಬಿಳಿಯ ಸರದಿ, ಡ್ರಾ ಮಾಡಬೇಕು. 1921ರಲ್ಲಿ ರಿಚರ್ಡ್ ರೇಟಿ ಮಾಡಿದ ಲೆಕ್ಕ ಇದು. ಕಪ್ಪು ಪಾನ್ ಓಡಿಹೋಗುತ್ತಿದೆ, ಬಿಳಿ ರಾಜ ಎರಡು ಹೆಜ್ಜೆ ಹಿಂದಿದ್ದಾನೆ. ತನ್ನ ಪಾನ್ ಕಾಯೋಕೂ ದೂರ, ಅವನದನ್ನು ಹಿಡಿಯೋಕೂ ದೂರ. ಆದರೂ ಡ್ರಾ ಆಗುತ್ತದೆ. ಮೊದಲ ನಡೆ ನಾನೇ ಹೇಳುತ್ತೇನೆ, ರಾಜ ಜಿ7ಕ್ಕೆ, ಓರೆಯಾಗಿ. ಉಳಿದದ್ದು ಅವಳು ಹುಡುಕಲಿ, ಕಪ್ಪು ಏನು ಆಡಿದರೆ ತಾನು ಏನು ಆಡುತ್ತೇನೆ ಅಂತ ತನ್ನ ಕೈಯಲ್ಲೇ ಬರೆದು ಕಳಿಸಲಿ. ಮೊಬೈಲ್ ನಿಮ್ಮ ಹತ್ತಿರ ಇರಲಿ.